ಮೇಜಿನ ರೊಟ್ಟಿ

ತಿಂಗಳ ಮೊದಲ ಭಾನುವಾರಕ್ಕೆ ಮುಂಚಿನ ಸಂಜೆ ನಮ್ಮ ಮನೆಯ ಅಡುಗೆ ಕೋಣೆಗೆ ಯಾರೂ ಕಾಲಿಡುವಂತಿರಲಿಲ್ಲ. ಅವ್ವ ಕಟ್ಟೆ ಒರೆಸಿ, ಹೆಂಚನ್ನು ಬೂದಿ ಹಾಕಿ ತಿಕ್ಕಿ, ಆ ಕೆಲಸಕ್ಕೆಂದೇ ಎತ್ತಿಟ್ಟಿದ್ದ ಪಾತ್ರೆಯಲ್ಲಿ ಗೋಧಿ ಹಿಟ್ಟು ಕಲಸಲು ಕೂರುತ್ತಿದ್ದಳು. ಹಿಟ್ಟು, ನೀರು, ಅಷ್ಟೇ. ನಮ್ಮಜ್ಜಿ, ಅಂದರೆ ಅವ್ವನ ಅತ್ತೆ, ಹೇಳಿಕೊಟ್ಟಿದ್ದು ಹಾಗೆ. ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಕಪ್ಪು ಚುಕ್ಕೆ ಬೀಳದಂತೆ ಬೇಯಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಪಕ್ಕದ ಒಲೆಯಲ್ಲಿ ಕಪ್ಪು ದ್ರಾಕ್ಷಿ ಕುದಿಯುತ್ತಿರುತ್ತಿತ್ತು. ಅದನ್ನು ಹಿಂಡಿ, ಸೋಸಿ, ಸೀಸೆಗೆ ತುಂಬಿದರೆ ಮರುದಿನ ನಮ್ಮ ಸಭೆಯ, ಅಂದರೆ ಚರ್ಚಿನ, ಕರ್ತನ ಮೇಜಿಗೆ ಬೇಕಾದ ಎರಡೂ ತಯಾರು. ಯೇಸು ತನ್ನ ಶಿಷ್ಯರ ಜೊತೆ ಕೊನೆಯ ಸಲ ಊಟಕ್ಕೆ ಕೂತದ್ದನ್ನು ನೆನೆದು, ಸಭೆಯವರೆಲ್ಲ ಒಂದೊಂದು ಚೂರು ರೊಟ್ಟಿ, ಒಂದೊಂದು ಗುಟುಕು ರಸ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಕರ್ತನ ಮೇಜು ಎನ್ನುತ್ತಾರೆ.

ಒಂದು ಶನಿವಾರ ಪಕ್ಕದ ಮನೆಯ ಗೌಡ್ರಮ್ಮ ಹೆಪ್ಪಿಗೆ ಮೊಸರು ಕೇಳಿಕೊಂಡು ಹಿತ್ತಲ ಬಾಗಿಲಿಗೆ ಬಂದರು. ನಾನಾಗ ಇನ್ನೂ ಲಂಗ ಹಾಕುವ ಹುಡುಗಿ. ಬಟ್ಟೆಯ ಮೇಲಿದ್ದ ರೊಟ್ಟಿ ನೋಡಿ ಅವರು ಅಲ್ಲೇ ನಿಂತರು.

“ಎಷ್ಟು ಚೆಂದಾಗಿ ಮಾಡಿದ್ದೀಯೇ! ಒಂಚೂರು ಬಾಯಿಗಾಕ್ಕಂಡು ನೋಡ್ಬಾರ್ದಾ?”

“ನಾನು ತಿನ್ನಂಗಿಲ್ಲ ಕಣವ್ವ.”

“ಯಾಕೆ, ಒಪ್ಪತ್ತಾ?”

“ಒಪ್ಪತ್ತಲ್ಲ. ನಾಳೀಕೂ ತಿನ್ನಂಗಿಲ್ಲ, ನಾಳಿದ್ದೂ ತಿನ್ನಂಗಿಲ್ಲ.”

“ಮಾಡೋಳು ನೀನು, ತಿನ್ನೋರು ಅವ್ರಾ? ಅದ್ಯಾವ ಸೀಮೆ ದ್ಯಾವ್ರಮ್ಮ ನಿಮ್ದು!”

ಅವ್ವ ನಕ್ಕಳು. “ದ್ಯಾವ್ರು ಏನೂ ಅಂದಿಲ್ಲ. ಅಂದಿರಾದು ಸಭೆ.”

“ಸಭೆ ಇಲ್ಲೇನು ಕಿಟಕೀಲಿ ಇಣುಕ್ತಾ ಅದಾ? ತಿನ್ನು ಅತ್ಲಾಗೆ.”

“ಮೇಜ್ನಲ್ಲಿ ಕೊಟ್ರೆ ತಿಂತೀನಿ. ಒಲೆ ತಾವ್ ಕದ್ದು ತಿನ್ನಕಿಲ್ಲ” ಎಂದ ಅವ್ವ, ಮೊಸರಿನ ಲೋಟ ಅವರ ಕೈಗಿಟ್ಟು ಮತ್ತೆ ಲಟ್ಟಿಸತೊಡಗಿದಳು.

ಗೌಡ್ರಮ್ಮ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಮ್ಮವರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನು ಮಂಡ್ಯದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ದಿನಾ ಮದ್ದೂರಿನಿಂದ ರೈಲಿನಲ್ಲಿ ಹೋಗಿ ಬರುತ್ತೇನೆ. ಸ್ಟಾಫ್ ರೂಮಿನಲ್ಲಿ ವರ್ಷಕ್ಕೊಬ್ಬರಾದರೂ “ಮೇಡಂ, ಕ್ರಿಶ್ಚಿಯನ್ನರೆಲ್ಲ ಒಂದೇ ಅಲ್ವಾ?” ಎಂದು ಕೇಳುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದಾದರೂ ಈ ಪ್ರಶ್ನೆಗೆ ಮಾತ್ರ ಸಮಾಧಾನವಾಗಿ ಕೂತು ಉತ್ತರ ಹೇಳುತ್ತೇನೆ. ನಮ್ಮದು ಬ್ಯಾಪ್ಟಿಸ್ಟ್ ಸಭೆ. ನಾಲ್ಕು ನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಹಾಲೆಂಡಿಗೆ ತಪ್ಪಿಸಿಕೊಂಡು ಹೋದ ಕೆಲವರು, ತೊಟ್ಟಿಲ ಕೂಸಿಗೆ ನಂಬಿಕೆ ಎಂಬುದು ಹೇಗೆ ಇರುತ್ತದೆ ಎಂದು ಕೇಳಿದರಂತೆ. ಆ ಪ್ರಶ್ನೆ ಕೇಳಿದವರ ಪೈಕಿ ಎಷ್ಟೋ ಜನ ಜೈಲಿಗೂ ಹೋದರು. ಅವರ ಸಾಲಿನವರು ನಾವು. ನಮ್ಮಲ್ಲಿ ಮಗು ಹುಟ್ಟಿದರೆ ದೀಕ್ಷಾಸ್ನಾನ, ಅಂದರೆ ಬ್ಯಾಪ್ಟಿಸಂ, ಮಾಡಿಸುವುದಿಲ್ಲ. ಸಭೆಯ ಮುಂದೆ ಎತ್ತಿಕೊಂಡು ಬರುತ್ತಾರೆ, ಪ್ರಾರ್ಥನೆ ಮಾಡಿ ವಾಪಸ್ ಕೊಡುತ್ತಾರೆ, ಮುಗಿಯಿತು. ಅದು ಬೆಳೆದು, ಬುದ್ಧಿ ಬಂದು, ತನ್ನ ಬಾಯಿಂದಲೇ ಎಲ್ಲರೆದುರು ಯೇಸುವನ್ನು ನಂಬಿದ್ದೇನೆ ಎಂದು ಸಾಕ್ಷಿ ಹೇಳಿದ ಮೇಲೆ ನೀರಿಗಿಳಿಸಿ ಪೂರ್ತಿ ಮುಳುಗಿಸುತ್ತಾರೆ. ಮುಳುಗಿ ಎದ್ದವರಿಗೆ ಮಾತ್ರ ಮೇಜಿನ ರೊಟ್ಟಿ. ಮುಳುಗಿ ಎದ್ದವರಿಗೆ ಮಾತ್ರ ಸಭೆಯಲ್ಲಿ ಕೈ ಎತ್ತುವ ಹಕ್ಕು.

ಕೈ ಎತ್ತುವುದೆಂದರೆ ನಮ್ಮವರಿಗೆ ಬಲು ದೊಡ್ಡ ವಿಷಯ. ನಮಗೆ ಮೇಲೆ ಬಿಷಪ್ ಇಲ್ಲ. ಆಯಾ ಊರಿನ ಸಭೆಗೆ ಅದೇ ಯಜಮಾನ. ಪಾಸ್ಟರನ್ನು ಕರೆಸಿಕೊಳ್ಳುವುದಿರಲಿ, ಫ್ಯಾನು ಹಾಕಿಸುವುದಿರಲಿ, ಎಲ್ಲಕ್ಕೂ ಕೈ ಎತ್ತಬೇಕು. ಮದ್ದೂರಿನ ನಮ್ಮ ಸಭೆ ನಡೆಯುವುದು ಹಿಂದೆ ಬೆಲ್ಲದ ಗೋದಾಮಾಗಿದ್ದ ಕಟ್ಟಡದಲ್ಲಿ. ಎಷ್ಟು ಸಲ ಸುಣ್ಣ ಬಳಿದರೂ ಮಳೆಗಾಲದಲ್ಲಿ ಗೋಡೆ ಬೆಲ್ಲದ ವಾಸನೆ ಬಿಡುತ್ತದೆ, ಇರುವೆಗಳು ಸಾಲು ಹಿಡಿದು ಪ್ರಸಂಗ ಕೇಳಲು ಬರುತ್ತವೆ. ಆ ಇರುವೆಗೆ ಯಾವ ಪುಡಿ ಹಾಕಬೇಕು ಎಂಬುದಕ್ಕೂ ಒಮ್ಮೆ ಕೈ ಎತ್ತಿದ್ದೇವೆ.

ಅವ್ವ ಈ ಸಭೆಯಲ್ಲಿ ಹುಟ್ಟಿದವಳಲ್ಲ. ಮಳವಳ್ಳಿ ಕಡೆಯ ಒಂದು ಹಳ್ಳಿಯವಳು. ಅವಳ ತವರಿನವರ ಸಭೆ ಬೇರೆ. ಅವರು ಕೂಸಿನ ಹಣೆಗೇ ನೀರು ಚಿಮುಕಿಸಿ ದೀಕ್ಷೆ ಕೊಡುವವರು. ಅವ್ವನಿಗೂ ಹಾಗೇ ಕೊಟ್ಟಿದ್ದರು. ಅವಳ ತಾಯಿ ಬಾಣಂತನ ಪೂರ್ತಿ ಮುಗಿಯುವ ಮೊದಲೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಗಾಡಿ ಸಿಗದೆ, ಹಳ್ಳಿಯಿಂದ ಮಳವಳ್ಳಿಯವರೆಗೆ ನಡೆದುಕೊಂಡೇ ಹೋಗಿ ದೀಕ್ಷೆ ಮಾಡಿಸಿ ತಂದರಂತೆ. ಅವ್ವ ನಡೆಯುವುದನ್ನು ಕಲಿಯುವ ಹೊತ್ತಿಗೆ ಆ ತಾಯಿ ತೀರಿಕೊಂಡರು. ಮದುವೆಯಾಗಿ ಮದ್ದೂರಿಗೆ ಬಂದ ಅವ್ವನಿಗೆ ಇಲ್ಲಿಯವರು ಹೇಳಿದ್ದು, ಅದು ದೀಕ್ಷೆ ಅಲ್ಲ, ಮತ್ತೆ ಮುಳುಗಬೇಕು ಎಂದು. ಅವ್ವ ಒಲ್ಲೆ ಎಂದಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು, ಹೆಚ್ಚು ಮಾತಿನವನಲ್ಲ. ಅವಳಿಷ್ಟ ಎಂದು ಸುಮ್ಮನಾದ. ಅಜ್ಜಿ ಮಾತ್ರ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಕೈಲಾಗದೆ ಹೋದಾಗ ಮೇಜಿನ ರೊಟ್ಟಿ ಮಾಡುವ ಕೆಲಸವನ್ನು ಸೊಸೆಗೇ ಒಪ್ಪಿಸಿದಳು. ಕರ್ತನ ಮೇಜಿಗೆ ಕೂರದವಳು ಕರ್ತನ ಮೇಜಿಗೆ ರೊಟ್ಟಿ ಮಾಡಬಹುದೇ ಎಂದು ಯಾರೂ ಕೇಳಲಿಲ್ಲ. ಎಲ್ಲಕ್ಕೂ ಕೈ ಎತ್ತುವ ನಮ್ಮ ಜನಕ್ಕೆ ಅಡುಗೆ ಮನೆ ಮಾತ್ರ ನೆನಪಿಗೆ ಬರುವುದಿಲ್ಲ.

ಹೊಸ ಪಾಸ್ಟರ್ ಬಂದಾಗಲೆಲ್ಲ ಒಂದು ಸಂಜೆ ನಮ್ಮ ಮನೆಗೆ ಬಂದು ಅವ್ವನಿಗೆ ಬುದ್ಧಿ ಹೇಳುತ್ತಿದ್ದರು. ಅವ್ವ ಕಾಫಿ ಕೊಟ್ಟು, ಪೂರ್ತಿ ಕೇಳಿಸಿಕೊಂಡು, ಕೊನೆಗೆ ಪ್ರತಿಸಲ ಅದೇ ಮಾತು ಹೇಳುತ್ತಿದ್ದಳು:

“ನಮ್ಮವ್ವನ ಮಕ ನಂಗೊತ್ತಿಲ್ಲ ಅಯ್ನೋರೆ. ಒಂದು ಪಟ ಕೂಡ ಇಲ್ಲ. ನಂಗೆ ಅಂತ ಅವ್ಳು ಮಾಡಿದ್ದು ಅದೊಂದೇಯ. ನಾನು ಈಗ ನೀರಿಗಿಳುದ್ರೆ, ಅವ್ವ, ನೀನು ಮಾಡಿದ್ದು ಲೆಕ್ಕಕ್ಕಿಲ್ಲ ಅಂತ ನಾನೇ ಏಳ್ದಂಗಾಯ್ತದೆ. ಅದೊಂದು ಮಾತ್ನ ನನ್ ಕೈಲಿ ಏಳ್ಸಬ್ಯಾಡಿ.”

ಪಾಸ್ಟರುಗಳು ಕಾಫಿ ಕುಡಿದು ಹೋಗುತ್ತಿದ್ದರು.

ನಮ್ಮಲ್ಲಿ ಮೇಜು ನಡೆಯುವ ರೀತಿ ಹೀಗೆ. ಮೊದಲು ಎಲ್ಲರೂ ಎದ್ದು ನಿಂತು ಸಭೆಯ ಒಡಂಬಡಿಕೆಯನ್ನು ಓದುತ್ತೇವೆ, ಒಬ್ಬರ ಕಷ್ಟಕ್ಕೆ ಒಬ್ಬರು ಆಗುತ್ತೇವೆ, ಚಾಡಿ ಹೇಳುವುದಿಲ್ಲ ಎಂದೆಲ್ಲ. ಓದಿ ಮುಗಿಸಿ ಕೂರುವಷ್ಟರಲ್ಲಿ ಕೆಲವರು ಅದನ್ನು ಮರೆತಿರುತ್ತಾರೆ ಎನ್ನುವುದು ಬೇರೆ ಮಾತು. ಆಮೇಲೆ ಡೀಕನ್ನರು, ಅಂದರೆ ಸಭೆಯವರೇ ಆರಿಸಿದ ಸೇವಕರು, ರೊಟ್ಟಿಯ ಚೂರುಗಳಿರುವ ತಟ್ಟೆಯನ್ನು ಪ್ರತಿ ಸಾಲಿನ ತುದಿಗೆ ತಂದುಕೊಡುತ್ತಾರೆ. ತಟ್ಟೆ ಕೈಯಿಂದ ಕೈಗೆ ದಾಟುತ್ತದೆ. ತೆಗೆದುಕೊಂಡ ಚೂರನ್ನು ಯಾರೂ ತಕ್ಷಣ ತಿನ್ನುವಂತಿಲ್ಲ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕಾಯಬೇಕು. ಕೊನೆಯವರಿಗೂ ಸಿಕ್ಕಿತು ಎಂದಾದ ಮೇಲೆ ಪಾಸ್ಟರ್ ತಿನ್ನಿರಿ ಎನ್ನುತ್ತಾರೆ. ಎಲ್ಲರೂ ಒಟ್ಟಿಗೆ ತಿನ್ನುತ್ತೇವೆ. ಆಮೇಲೆ ರಸದ ಸರದಿ. ಉಳಿದ ಚೂರುಗಳನ್ನು ಡೀಕನ್ನರು ಅಲ್ಲೇ ನಿಂತು ತಿಂದು ಮುಗಿಸುತ್ತಾರೆ. ಒಂದು ಚೂರೂ ಮನೆಗೆ ಬರುವುದಿಲ್ಲ.

ಚಿಕ್ಕವಳಿದ್ದಾಗ ನನಗೆ ಇದು ಆಟದಂತಿತ್ತು. ತಟ್ಟೆ ಬಂದರೆ ಅವ್ವನೂ ತೆಗೆದುಕೊಳ್ಳುವುದಿಲ್ಲ, ನಾನೂ ತೆಗೆದುಕೊಳ್ಳುವುದಿಲ್ಲ, ಇಬ್ಬರೂ ಒಂದೇ ಪಾರ್ಟಿ ಎಂಬ ಸಂತೋಷ. ಆ ರೊಟ್ಟಿಗೆ ರುಚಿಯೇ ಇರುವುದಿಲ್ಲವಂತೆ ಎಂದು ದೊಡ್ಡ ಹುಡುಗಿಯರು ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ ಸಂಡೇ ಸ್ಕೂಲಿನ ಟೀಚರು, ಅದು ಕರ್ತನು ಪಟ್ಟ ಬಾಧೆಯ ನೆನಪು, ಬಾಧೆಗೆ ರುಚಿ ಎಲ್ಲಿಂದ ಬರಬೇಕು ಎಂದಿದ್ದರು. ನಾನು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬಹುಮಾನವನ್ನೂ ಹೊಡೆದಿದ್ದೆ.

ಹೈಸ್ಕೂಲು ಮುಗಿಸಿದ ವರ್ಷ ನಾನು ದೀಕ್ಷಾಸ್ನಾನ ಕೇಳಿದೆ. ಯಾರ ಬಲವಂತವೂ ಇರಲಿಲ್ಲ. ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದೆ, ಕೈಗಳು ಎದ್ದವು. ವೈದ್ಯನಾಥಪುರದ ಹತ್ತಿರ ಶಿಂಷಾ ಹೊಳೆಯಲ್ಲಿ ಇಳಿಸಿದರು. ದೇವಸ್ಥಾನಕ್ಕೆ ಬಂದ ಹೆಂಗಸರು ಸ್ವಲ್ಪ ಕೆಳಗೆ ಮೀಯುತ್ತಿದ್ದರು. ಬಿಳಿ ಸೀರೆ ಉಟ್ಟು ಸೊಂಟದವರೆಗಿನ ನೀರಿನಲ್ಲಿ ನಿಂತ ನನ್ನನ್ನು ಪಾಸ್ಟರ್ ಹಿಂದಕ್ಕೆ ಮಲಗಿಸಿ ಮುಳುಗಿಸಿ ಎತ್ತಿದರು. ದಡದಲ್ಲಿ ಹಾಡು ಎದ್ದಿತು. ನೋಡುತ್ತಿದ್ದ ಮುದುಕಿಯೊಬ್ಬಳು “ಏನ್ ಅರಕೆ ಮಗ?” ಎಂದಳು. ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಅವ್ವನೇ ಟವೆಲಿನಲ್ಲಿ ನನ್ನ ತಲೆ ಒರೆಸುತ್ತಾ “ಅರಕೆ ಅಂತ್ಲೇ ಅಂದ್ಕಳವ್ವ” ಎಂದಳು. ಮುದುಕಿ “ಒಳ್ಳೇದಾಗ್ಲಿ” ಎಂದು ತನ್ನ ಪಾಡಿಗೆ ತಾನು ಮುಳುಗು ಹಾಕಿದಳು.

ಅದರ ಮುಂದಿನ ಮೊದಲ ಭಾನುವಾರ ತಟ್ಟೆ ಬಂತು. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ನಾನು ಒಂದು ಚೂರು ತೆಗೆದುಕೊಂಡೆ. ಅಂಗೈ ಮುಚ್ಚಿ ಕೂತಾಗ ಅವ್ವನ ಕೈಗಳು ಮಡಿಲಲ್ಲಿ ಬರಿದಾಗಿ ಬಿದ್ದಿದ್ದು ಕಾಣಿಸಿತು. ನಮ್ಮ ಪಾರ್ಟಿಯಲ್ಲಿ ಅವ್ವ ಒಬ್ಬಳೇ ಉಳಿದಿದ್ದಳು. ನನಗೆ ದುಃಖ ತಡೆಯದೆ ಅಳು ಬಂತು. ಸುತ್ತಲಿನವರು ಅದನ್ನು ಭಕ್ತಿ ಎಂದುಕೊಂಡು ಸಂತೋಷಪಟ್ಟರು.

ಹೀಗೇ ವರ್ಷಗಳು ಹೋದವು. ಅಪ್ಪ ಹೋದ. ನಾನು ಕೆಲಸಕ್ಕೆ ಸೇರಿದೆ, ತಲೆಯಲ್ಲಿ ಬಿಳಿ ಕೂದಲು ಬಂತು. ಅವ್ವನಿಗೆ ಕಿವಿ ಸ್ವಲ್ಪ ಮಂದವಾಯಿತು, ಮಂಡಿ ನೋವು ಹೆಚ್ಚಾಯಿತು. ಗ್ಯಾಸ್ ಒಲೆ ಬಂದ ಮೇಲೂ ಹೆಂಚು ಮಾತ್ರ ಅದೇ ಹಳೆಯದು. ಗೌಡ್ರಮ್ಮನವರೂ ಮುದುಕಿಯಾದರು. ಶನಿವಾರ ಬೇಲಿಯ ಆಚೆಯಿಂದ “ಇನ್ನೂ ಕೊಟ್ಟಿಲ್ವೇನೇ ನಿಂಗೆ?” ಎಂದು ಕೇಳುವುದನ್ನು ಅವರು ಬಿಡಲಿಲ್ಲ.

ಎರಡು ವರ್ಷದ ಹಿಂದೆ ಮಳವಳ್ಳಿಯಲ್ಲಿ ಸೋದರಮಾವನ ಮೊಮ್ಮಗಳ ಮದುವೆಗೆ ಹೋಗಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಅವ್ವ ಕಿಟಕಿಯ ಕಡೆ ಕೂತು, ಕಟಾವಾಗದೆ ನಿಂತ ಕಬ್ಬಿನ ಗದ್ದೆಗಳನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಹೇಳಿದಳು:

“ಸಾಯೋದ್ರೊಳಗೆ ಒಂದ್ಸಲ ಆ ಸಾಲ್ನಲ್ಲಿ ನಿಮ್ಮಂಗೇ ಕೈ ಮುಚ್ಕಂಡು ಕೂರ್ಬೇಕು ಅನ್ನುಸ್ತದೆ ಕಣೇ.”

ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಆಸೆ ಎಂಬಂತೆ ಬಂದ ಮಾತು ಅದೊಂದೇ. ನನಗೆ ಕೋಪ ಬಂತು. ಅವಳ ಮೇಲಲ್ಲ, ಯಾರ ಮೇಲೆ ಎಂದು ಗೊತ್ತಾಗದೆ ಚಿಲ್ಲರೆ ಕೊಡದ ಕಂಡಕ್ಟರ್ ಮೇಲೆ ಹರಿಹಾಯ್ದೆ.

ಆಗ ನಮ್ಮ ಸಭೆಗೆ ಕೊಳ್ಳೇಗಾಲದ ಕಡೆಯ ಒಬ್ಬ ಹೊಸ ಪಾಸ್ಟರ್ ಬಂದಿದ್ದರು. ನನ್ನ ಹಳೆಯ ಶಿಷ್ಯರ ವಯಸ್ಸಿನವರು. ರೀತಿಯಂತೆ ಅವರೂ ಒಂದು ಸಂಜೆ ಮನೆಗೆ ಬಂದರು, ರೀತಿಯಂತೆ ಅವ್ವ ಕಾಫಿ ಕೊಟ್ಟು ತನ್ನ ಮಾತು ಹೇಳಿದಳು. ಅವರು ಬುದ್ಧಿ ಹೇಳಲಿಲ್ಲ. ಲೋಟ ಕೆಳಗಿಟ್ಟು, ನಮ್ಮ ಹಿಂದಿನವರೂ ಈ ವಿಷಯಕ್ಕೆ ತಲೆತಲಾಂತರದಿಂದ ಜಗಳವಾಡಿದ್ದಾರೆ, ಕೆಲವು ಸಭೆಗಳು ಮುಳುಗಿದವರಿಗೆ ಮಾತ್ರ ಮೇಜು ಇಟ್ಟವು, ಕೆಲವು ನಂಬಿದವರಿಗೆಲ್ಲ ತೆರೆದವು, ಎರಡೂ ಕಡೆ ಬ್ಯಾಪ್ಟಿಸ್ಟರೇ ಇದ್ದರು ಎಂದರು. “ಯಾವುದು ಅಂತ ಆಯಾ ಸಭೆಯೇ ತೀರ್ಮಾನ ಮಾಡಬೇಕಮ್ಮ. ನಾನು ಹೇಳಿದರೆ ಆಗುವುದಿಲ್ಲ.”

“ಹಾಗಾದರೆ ಸಭೆಯಲ್ಲಿ ಇಡಿ” ಎಂದೆ ನಾನು.

“ಬ್ಯಾಡ” ಎಂದಳು ಅವ್ವ. “ನನ್ ದೆಸೆಯಿಂದ ಸಭೆ ಒಡೀಬಾರ್ದು. ಕರುದ್ರೆ ಓಯ್ತೀನಿ. ಕರೀರಿ ಅಂತ ನಾನು ಕೇಳಕಿಲ್ಲ.”

“ನೀನು ಕೇಳ್ಬ್ಯಾಡ. ನಾನು ಕೇಳ್ತೀನಿ. ನಂಗೆ ಕೈ ಎತ್ತೋ ಹಕ್ಕದೆ” ಎಂದೆ. ಅವ್ವ ಸಿಟ್ಟಿನಿಂದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಪಾಸ್ಟರ್ ನನ್ನನ್ನೊಮ್ಮೆ, ಅಡುಗೆ ಕೋಣೆಯನ್ನೊಮ್ಮೆ ನೋಡಿ ಮೆಲ್ಲಗೆ ಎದ್ದರು.

ಸದಸ್ಯರ ಸಭೆ ಒಂದು ಭಾನುವಾರ ಆರಾಧನೆಯ ನಂತರ ಸೇರಿತು. ಸದಸ್ಯರಲ್ಲದವರು ಹೊರಗೆ ಹೋಗಬೇಕು. ಅವ್ವ ಕೊಡೆ ತೆಗೆದುಕೊಂಡು ಹೋಗಿ ಹೊಂಗೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತಳು. ಕಿಟಕಿಯಿಂದ ನನಗೆ ಅವಳ ಬೆನ್ನು ಕಾಣಿಸುತ್ತಿತ್ತು. ನಾನು ಮಾತನಾಡಲು ಚೆನ್ನಾಗಿ ತಯಾರಾಗಿ ಬಂದಿದ್ದೆ. ಯಾರು ಏನೆಂದರೆ ಏನು ಹೇಳಬೇಕು, ಎಲ್ಲಿ ಚುಚ್ಚಬೇಕು, ಎಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

ಪಾಸ್ಟರ್ ವಿಷಯ ಇಟ್ಟರು: ಬೇರೆ ಸಭೆಯಲ್ಲಿ ಕೂಸಾಗಿದ್ದಾಗ ದೀಕ್ಷೆ ಪಡೆದು, ಯೇಸುವಿನಲ್ಲಿ ನಂಬಿಕೆ ಇಟ್ಟು, ನಮ್ಮ ಜೊತೆಯಲ್ಲೇ ಆರಾಧಿಸುವವರನ್ನು ಮೇಜಿಗೆ ಕರೆಯಬಹುದೇ?

ಮೊದಲು ಎದ್ದವರು ಹಿರಿಯ ಡೀಕನ್. ಅಪ್ಪನ ಗೆಳೆಯರು, ನನಗೆ ಮಾಮ. ಹೊಳಲು ಊರಿನ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಪ್ರಾಯದಲ್ಲಿ ನಮ್ಮ ಸಭೆಗೆ ಬಂದು, ಮದ್ದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಅವ್ವನ ಸಾಲಿಗೆ ತಟ್ಟೆ ತರುತ್ತಿದ್ದವರೂ ಅವರೇ. ಅವರು ವಿರೋಧ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹೇಗೆ ಹೇಳುತ್ತಾರೆಂದು ಗೊತ್ತಿರಲಿಲ್ಲ.

“ಆ ತಾಯಿ ಮ್ಯಾಲೆ ನಂಗೆ ಯಾವ ಕ್ವಾಪನೂ ಇಲ್ಲ” ಎಂದರು. “ನಾನು ಒಳೆಗೆ ಇಳಿಯೋ ದಿನ ನಮ್ಮವ್ವ ದಡದ ಮ್ಯಾಲೆ ನಿಂತು, ಇಳೀಬ್ಯಾಡ ಕಣ್ಲಾ ಮಗ ಅಂತ ಸೆರಗೊಡ್ಡುದ್ಲು. ಇಳ್ದೆ. ಆಮ್ಯಾಕೆ ನಮ್ಮನೆ ಬಾಗ್ಲು ಮೆಟ್ಟನಿಲ್ಲ. ಅವ್ಳು ಸತ್ತಾಗ ಒಂದಿಡಿ ಮಣ್ಣಾಕಕ್ಕೂ ನನ್ನ ಕರೀನಿಲ್ಲ. ಈ ತಾಯಿ ಅವ್ರವ್ವನ್ನ ಬುಡಕಾಗ್ದು ಅಂತ ನೀರಿಗಿಳೀನಿಲ್ಲ. ನಾನು ನಮ್ಮವ್ವನ್ನ ಬುಟ್ಟು ಇಳ್ದೆ. ಇಬ್ರಿಗೂ ಒಂದೇ ಮೇಜು ಅನ್ನಂಗಿದ್ರೆ ನಾನ್ಯಾಕೆ ಇಳೀಬೇಕಾಗಿತ್ತು? ಅದ್ನ ಯಾರಾರ ಏಳಿ, ಆಮ್ಯಾಕೆ ಕೈ ಎತ್ತಿ.”

ಅವರು ಕೂತರು. ನಾನು ಜೋಡಿಸಿಟ್ಟುಕೊಂಡಿದ್ದ ಒಂದು ಮಾತೂ ಬಾಯಿಗೆ ಬರಲಿಲ್ಲ. ಎದುರಿನವರನ್ನು ಕಟುಕರೆಂದುಕೊಂಡು ಬಂದವಳಿಗೆ ಆ ಮನುಷ್ಯ ತಾಯಿಯನ್ನು ಕಳೆದುಕೊಂಡ ಮಗನಾಗಿ ಕಂಡರೆ ಏನು ತಾನೇ ಹೇಳಲಾದೀತು? ಪಾಸ್ಟರ್ ತಗ್ಗಿದ ದನಿಯಲ್ಲಿ, “ಅಣ್ಣ, ನೀವು ಇಳಿದದ್ದು ಒಂದು ಚೂರು ರೊಟ್ಟಿಗಾಗಿ ಅಲ್ಲವಲ್ಲ” ಎಂದರು. ಮಾಮ ತಲೆ ತಗ್ಗಿಸಿ ತಮ್ಮ ಕೈಬೆರಳಿಗೆ ಅಂಟಿದ್ದ ಗ್ರೀಸಿನ ಕಲೆ ತಿಕ್ಕುತ್ತಿದ್ದರು.

ಪಾಸ್ಟರ್ ಕೈ ಎತ್ತಲು ಹೇಳಿದರು. ನಾನು ಎತ್ತಿದೆ. ಹಿಂದೆ ಮುಂದೆ ಒಂದೊಂದಾಗಿ ಕೈಗಳು ಎದ್ದವು. ಕೆಲವು ತಡವಾಗಿ, ಅರ್ಧ ಮನಸ್ಸಿನಿಂದ ಎದ್ದವು. ಎಣಿಸಿ ನೋಡಬೇಕಾಗಿ ಬರಲಿಲ್ಲ. ಮಾಮನ ಕೈ ಮಂಡಿಯ ಮೇಲೇ ಇತ್ತು.

ಸದಸ್ಯತ್ವಕ್ಕೆ, ಕೈ ಎತ್ತುವುದಕ್ಕೆ ಮುಳುಗಲೇಬೇಕು; ಮೇಜು ಮಾತ್ರ ತೆರೆದಿರಲಿ ಎಂದು ತೀರ್ಮಾನವಾಯಿತು. ಸಭೆಯ ತೀರ್ಮಾನವನ್ನು ಹೊರಗಿದ್ದವರಿಗೆ ತಿಳಿಸುವುದು ನಮ್ಮಲ್ಲಿ ಹಿರಿಯ ಡೀಕನ್ನರ ಕೆಲಸ. ಬೇರೆ ಯಾರಾದರೂ ಹೋಗಲಿ ಎಂದು ಪಾಸ್ಟರ್ ಸೂಚಿಸಿದರೂ ಕೇಳದೆ ಮಾಮ ತಾವೇ ಎದ್ದು ಹೊಂಗೆ ಮರದ ಹತ್ತಿರ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

“ನಾನು ಕೈ ಎತ್ತನಿಲ್ಲ ಕಣವ್ವ” ಎಂದು ಗಟ್ಟಿಯಾಗಿ ಹೇಳಿದರು, ಅವ್ವನಿಗೆ ಕೇಳಿಸಲಿ ಎಂದು. “ಸಭೆ ಎತ್ತದೆ. ಬರೋ ತಿಂಗ್ಳಿಂದ ತಟ್ಟೆ ನಿಂಗೂ ಬತ್ತದೆ. ನಾನೇ ತತ್ತೀನಿ.”

ಅವ್ವ ಅವರ ಮುಖವನ್ನೇ ನೋಡಿದಳು. ಒಳಗೆ ಅವರು ಏನು ಮಾತನಾಡಿದರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ಅವರ ಕಥೆ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. “ಆಯ್ತಣ್ಣ” ಎಂದಳು. “ಬಿಸ್ಲು ಜಾಸ್ತಿ ಅದೆ. ಕೊಡೆ ತಕ್ಕಂಡೋಗು. ನಾವು ಆಟೋದಲ್ಲಿ ಓಯ್ತೀವಿ.” ಅವರು ಕೊಡೆ ತೆಗೆದುಕೊಂಡು ಹೋದರು.

ಮೇಜಿನ ಹಿಂದಿನ ದಿನ, ಶನಿವಾರ, ಅವ್ವ ಎಂದಿನಂತೆ ಕಟ್ಟೆ ಒರೆಸಿದಳು, ಹಿಟ್ಟು ಕಲಸಿದಳು, ಬೇಯಿಸಿದಳು. ಇನ್ನೇನು ತಿನ್ನಬಹುದಲ್ಲ, ಒಂದು ಚೂರು ನೋಡು ಎಂದು ನಾನು ಛೇಡಿಸಿದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬೇಲಿಯ ಆಚೆಯಿಂದ ಗೌಡ್ರಮ್ಮ “ಕೊಟ್ರೇನೇ?” ಎಂದರು. “ನಾಳೀಕೆ ಕಣವ್ವ” ಎಂದಳು ಅವ್ವ. ಅವಳ ದನಿಯಲ್ಲಿ ಹೊಸ ಸೀರೆಯ ಸಂಭ್ರಮವಿತ್ತು.

ಭಾನುವಾರ ಒಡಂಬಡಿಕೆ ಓದಿ ಕೂತೆವು. ಮಾಮ ತಟ್ಟೆ ಹಿಡಿದು ನಮ್ಮ ಸಾಲಿನ ತುದಿಗೆ ಬಂದರು. ಮೊದಲು ಕೂತವಳು ಅವ್ವ, ಪಕ್ಕದಲ್ಲಿ ನಾನು. ಅವ್ವ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆಗೆದುಕೊಂಡು ಹಾಗೇ ನನ್ನ ಮುಂದೆ ಚಾಚಿದಳು.

ಬೇಕೆಂದು ಮಾಡಿದ್ದಲ್ಲ. ಅಷ್ಟು ವರ್ಷ ದಾಟಿಸಿದ ಕೈ ಅವಳನ್ನು ಕೇಳದೆಯೇ ದಾಟಿಸಿಬಿಟ್ಟಿತ್ತು. ನಾನು ತಟ್ಟೆ ಹಿಡಿದುಕೊಂಡು ಏನು ಮಾಡಬೇಕೆಂದು ತೋಚದೆ ಕೂತೆ. ಆ ಹೊತ್ತಿನಲ್ಲಿ ಯಾರೂ ಮಾತನಾಡುವುದಿಲ್ಲ. ಅವ್ವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು; ಮುಖ ಕೆಂಪಗಾಗಿ, ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ಈಗ ವಾಪಸ್ ಕೊಟ್ಟರೆ ತೆಗೆದುಕೊಳ್ಳುವವಳಲ್ಲ, ನನಗೆ ಗೊತ್ತು. ಎಲ್ಲ ಇಲ್ಲಿಗೇ ಮುಗಿಯಿತು ಎಂದುಕೊಂಡೆ.

ಮಾಮ ಸಾಲಿನ ತುದಿಯಿಂದ ಕದಲಿರಲಿಲ್ಲ. ಕೈ ಚಾಚಿ ನನ್ನಿಂದ ತಟ್ಟೆ ತೆಗೆದುಕೊಂಡರು, ಸ್ವಲ್ಪ ಬಾಗಿ, ಮತ್ತೆ ಅವ್ವನ ಮುಂದೆ ಹಿಡಿದರು.

“ನೀನು ತಕ್ಕಳಗಂಟ ಯಾರೂ ತಿನ್ನಂಗಿಲ್ಲ ಕಣವ್ವ. ಸಭೆ ಕಾಯ್ತಾ ಅದೆ.”

ನಿಜಕ್ಕೂ ಕಾಯುತ್ತಿತ್ತು. ಮುಂದಿನ ಸಾಲುಗಳಲ್ಲಿ ಎಲ್ಲರೂ ಅಂಗೈ ಮುಚ್ಚಿಕೊಂಡು ಕೂತಿದ್ದರು, ಯಾರೂ ತಿರುಗಿ ನೋಡಲಿಲ್ಲ. ಅವ್ವನ ಒಂದು ಕೈ ಸೆರಗಿನಿಂದ ಹೊರಬಂತು. ಒಂದು ಚೂರು ತೆಗೆದುಕೊಂಡಳು. ಅಂಗೈಯಲ್ಲಿಟ್ಟು, ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದಳು. ನಾನೂ ಒಂದು ಚೂರು ತೆಗೆದುಕೊಂಡು ತಟ್ಟೆಯನ್ನು ಮುಂದೆ ದಾಟಿಸಿದೆ. ನನಗೆ ಅವಳ ಕೈಗಳ ಹೊರತು ಇನ್ನೇನೂ ಕಾಣಿಸುತ್ತಿರಲಿಲ್ಲ.

ಪಾಸ್ಟರ್ ತಿನ್ನಿರಿ ಎಂದರು. ತಿಂದೆವು. ಎಲ್ಲರೂ ತಲೆಬಾಗಿ ಮೌನವಾಗಿ ಪ್ರಾರ್ಥಿಸುವ ಹೊತ್ತು ಅದು. ಅವ್ವ ನನ್ನ ಕಡೆ ವಾಲಿದಳು. ಕಿವಿ ಮಂದವಾದವರಿಗೆ ತಮ್ಮ ಪಿಸುಮಾತು ಎಷ್ಟು ದೂರ ಹೋಗುತ್ತದೆಂದು ತಿಳಿಯುವುದಿಲ್ಲ.

“ಇದೇನೇ, ಇಂಗೆ ಸಪ್ಪಗದೆ! ಇಷ್ಟು ವರ್ಷ ಎಂಗೆ ತಿಂದ್ರಿ ಇದ್ನ? ಒಬ್ರಾರ ಒಂದ್ ಮಾತು ಏಳ್ಬಾರ್ದಾ?”

ಇಡೀ ಗೋದಾಮಿಗೆ ಕೇಳಿಸಿತು. ಮೊದಲು ನಕ್ಕವರು ಮಾಮ. ತಡೆಯಲು ನೋಡಿದರು, ಆಗಲಿಲ್ಲ. ತಟ್ಟೆಯಲ್ಲಿ ಉಳಿದ ಚೂರುಗಳು ಕುಣಿಯುವಂತೆ ನಕ್ಕರು. ಆಮೇಲೆ ಹೆಂಗಸರ ಸಾಲು, ಆಮೇಲೆ ಗಂಡಸರ ಸಾಲು. ಪಾಸ್ಟರ್ ಬಾಯಿಗೆ ಕರವಸ್ತ್ರ ಹಿಡಿದು ಗೋಡೆಯ ಕಡೆ ತಿರುಗಿದರು. ನಾನು ನಗುತ್ತಾ ಅಳುತ್ತಿದ್ದೆ. ಅವ್ವ ಮಾತ್ರ ತನ್ನ ಅಡುಗೆಯ ಹೆಸರು ಕೆಟ್ಟುಹೋದ ಹೆಂಗಸಿನ ಹಾಗೆ ಎಲ್ಲರ ಮುಖ ನೋಡುತ್ತಿದ್ದಳು.

ಆರಾಧನೆ ಮುಗಿದ ಮೇಲೆ ಎಲ್ಲರೂ ಅವಳ ಸುತ್ತ ಸೇರಿದರು.

“ಅದು ಕಟ್ಲೆ ಅಂದ್ಕಂಡಿದ್ವಿ ಕಣವ್ವ” ಎಂದರು ಮಾಮ.

“ನಾನೂ ಕಟ್ಲೆ ಅಂದ್ಕಂಡೇ ಉಪ್ಪು ಆಕ್ತಿರ್ನಿಲ್ಲ. ನಮ್ಮತ್ತೆ ಏಳ್ಕೊಟ್ಟಿದ್ದು ಅಂಗೆ” ಎಂದಳು ಅವ್ವ. ಹೇಳಿ, ಸ್ವಲ್ಪ ಯೋಚಿಸಿ, ಹಣೆ ಚಚ್ಚಿಕೊಂಡಳು. “ಅಯ್ಯೋ, ನಮ್ಮತ್ತೆಗೆ ಬೀಪಿ ಇತ್ತು. ಡಾಕ್ಟ್ರು ಉಪ್ಪು ಬುಡ್ಸಿದ್ರು. ಮನೇಲಿ ಸಾರಿಗೂ ಆಕುಸ್ತಿರ್ನಿಲ್ಲ!”

ಸತ್ಯವೇದದಲ್ಲಿ ಹುಳಿ ಹಿಟ್ಟು ಬೇಡ ಎಂದಿದೆ, ಉಪ್ಪು ಬೇಡ ಎಂದು ಎಲ್ಲೂ ಇಲ್ಲ ಎಂದರು ಪಾಸ್ಟರ್. ಬಾಧೆಗೆ ರುಚಿ ಇರುವುದಿಲ್ಲ ಎಂದು ಕಲಿಸಿದ ನಮ್ಮ ಸಂಡೇ ಸ್ಕೂಲ್ ಟೀಚರು ಈಗ ಇಲ್ಲ. ಇದ್ದಿದ್ದರೆ ನನ್ನ ಬಹುಮಾನ ವಾಪಸ್ ಕೇಳುತ್ತಿದ್ದರೋ ಏನೋ. ನಮ್ಮಜ್ಜಿಯ ಬೀಪಿ ಒಂದಿಡೀ ಸಭೆಗೆ ಧರ್ಮವಾಗಿ ನಡೆದಿತ್ತು.

“ಹಾಗಾದರೆ ಉಪ್ಪಿಗೂ ಕೈ ಎತ್ತಬೇಕಾ?” ಎಂದು ಪಾಸ್ಟರ್ ತಮಾಷೆಗೆ ಕೇಳಿದರು.

ಮಾಮ ಕೈ ಎತ್ತಿದರು. ತಮಾಷೆಗಲ್ಲ, ಗ್ರೀಸಿನ ಕಲೆಯ ಆ ಕೈಯನ್ನು ನೆಟ್ಟಗೆ, ಪೂರ್ತಿ ಮೇಲೆತ್ತಿ, ಎಲ್ಲರೂ ಎತ್ತುವವರೆಗೆ ಹಾಗೇ ಹಿಡಿದಿದ್ದರು.

ಮುಂದಿನ ತಿಂಗಳ ಶನಿವಾರ ಸಂಜೆ ಅವ್ವ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಉಪ್ಪಿನ ಡಬ್ಬಿ ಇಟ್ಟುಕೊಂಡು ಕೂತಳು. ಎಷ್ಟು ಹಾಕುವುದು ಎಂದು ತಿಳಿಯದೆ ಬಹಳ ಹೊತ್ತು ಯೋಚಿಸಿದಳು. ಜೀವಮಾನವೆಲ್ಲ ಅಡುಗೆ ಮಾಡಿದವಳು ಹೊಸ ಸೊಸೆಯ ಹಾಗೆ ಚಿಟಿಕೆ ತೆಗೆದು, ವಾಪಸ್ ಹಾಕಿ, ಮತ್ತೆ ತೆಗೆದಳು. ಮೊದಲ ರೊಟ್ಟಿ ಹೆಂಚಿನಿಂದ ಇಳಿಯಿತು. ನನಗೆ ತಾಳ್ಮೆ ಕೆಟ್ಟಿತು.

“ಸರಿಯಾಗದಾ ಅಂತ ಒಂಚೂರು ಬಾಯಿಗಾಕ್ಕಂಡು ನೋಡವ್ವ. ಅಳತೆ ಎಂಗೆ ಗೊತ್ತಾಗಬೇಕು?”

ಅವ್ವ ರೊಟ್ಟಿಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿ, ಇನ್ನೊಂದು ಉಂಡೆ ಎತ್ತಿಕೊಂಡಳು.

“ನಾಳೀಕೆ ಗೊತ್ತಾಯ್ತದೆ ಬುಡು” ಎಂದಳು.